ಮೊಂಡು ಗಜಕರ್ಣಕ್ಕೆ ಜೋಡಿ ಔಷಧ: ನನ್ನ ಅನುಭವ

ಕಾರವಾರದಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ತೊಡೆಸಂದಿ, ಸೊಂಟ, ಕಂಕುಳಲ್ಲಿ ಗಜಕರ್ಣ ಹಬ್ಬುವುದೂ ಆಗಲೇ. ಮೊದಲೆಲ್ಲ ಟರ್ಬಿನಾಫಿನ್ 250 ಮಿ.ಗ್ರಾಂ ಮಾತ್ರೆ ದಿನಕ್ಕೊಂದರಂತೆ ಎರಡು ವಾರ ಕೊಟ್ಟರೆ ಸಾಕಾಗುತ್ತಿತ್ತು. ಈಗ ಸಾಲುವುದಿಲ್ಲ. ಶಿಲೀಂಧ್ರದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗುವ ದಾರಿಯಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವಿದೆ; ಟರ್ಬಿನಾಫಿನ್ ತಡೆಯುವುದು ಅದನ್ನೇ. 2020ರಲ್ಲಿ ಹೆಸರು ಪಡೆದ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಗಜಕರ್ಣದ ಶಿಲೀಂಧ್ರದ ಎಷ್ಟೋ ತಳಿಗಳಲ್ಲಿ ಆ ಕಿಣ್ವವೇ ಒಂದೆರಡು ಅಮೈನೊ ಆಮ್ಲದಷ್ಟು ಬದಲಾಗಿದೆ, ಔಷಧಕ್ಕೆ ಹಿಡಿತ ಸಿಗುವುದಿಲ್ಲ.

ಔಷಧ ಬರೆಯುವ ಮುಂಚೆ ಕೆರೆದು ನೋಡಲೇಬೇಕು. ಉಂಗುರದ ಉಬ್ಬಿದ ಅಂಚಿನಿಂದ ಹೊಟ್ಟು ತೆಗೆಯಿರಿ, ನಡುವಿನಿಂದ ತೆಗೆದರೆ ಏನೂ ಸಿಗುವುದಿಲ್ಲ. 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ಹನಿ, ಮೇಲೆ ತೆಳು ಗಾಜಿನ ಕವರ್‌ಸ್ಲಿಪ್, 15–20 ನಿಮಿಷ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಬೆಳಕು ತಗ್ಗಿಸಿ ನೋಡುವುದು. ಚರ್ಮಕೋಶಗಳ ಅಂಚೂ ಶಿಲೀಂಧ್ರದ ಎಳೆಯಂತೆ ಕಂಡು ಮೋಸಮಾಡುತ್ತದೆ, ಆದರೆ ಅದು ಕೋಶ ಕೋಶಕ್ಕೂ ತಿರುಗುತ್ತದೆ. ಶಿಲೀಂಧ್ರದ ಎಳೆ ಒಂದೇ ದಪ್ಪದಲ್ಲಿ, ಅಡ್ಡಗೋಡೆ ಕವಲುಗಳೊಂದಿಗೆ, ಹಲವು ಕೋಶಗಳನ್ನು ದಾಟಿ ಹೋಗಿರುತ್ತದೆ.

ನಾನು ಜೋಡಿಸುವುದು: ಹೊಟ್ಟೆಗೆ ಅಜೋಲ್ ಗುಂಪಿನ ಇಟ್ರಾಕೊನಜೋಲ್, ಚರ್ಮಕ್ಕೆ ಸೈಕ್ಲೊಪಿರಾಕ್ಸ್ ಮುಲಾಮು. ಮೇಲೆ ಹಚ್ಚುವುದೂ ಲ್ಯುಲಿಕೊನಜೋಲ್‌ನಂಥ ಅಜೋಲ್ ಆದರೆ ಎರಡೂ ಒಂದೇ ಕಿಣ್ವದ ಮೇಲೆ ಬೀಳುತ್ತವೆ. ಅದನ್ನು ಜೋಡಿ ಎಂದು ನಾನು ಲೆಕ್ಕ ಹಿಡಿಯುವುದಿಲ್ಲ. ಸೈಕ್ಲೊಪಿರಾಕ್ಸ್ ಕಬ್ಬಿಣದಂಥ ಲೋಹದ ಅಯಾನುಗಳನ್ನು ಕಟ್ಟಿಹಾಕುತ್ತದೆ, ಅದರ ದಾರಿಯೇ ಬೇರೆ.

ಇಟ್ರಾಕೊನಜೋಲ್ 100 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಕನಿಷ್ಠ 4 ವಾರ, ಹಲವರಿಗೆ 8 ವಾರ. ಕ್ಯಾಪ್ಸೂಲ್ ಊಟದ ಜೊತೆಗೇ ಆಗಬೇಕು. ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಬೆಳಿಗ್ಗೆ ಆ ಆಮ್ಲ ತಗ್ಗಿಸುವ ಗ್ಯಾಸಿನ ಮಾತ್ರೆ ನುಂಗುವ ರೂಢಿ ಇದ್ದವರಲ್ಲಿ ಅರ್ಧಂಬರ್ಧ ಹೀರಿಕೆಯಾಗಿ, ‘ಔಷಧ ನಾಟಲಿಲ್ಲ’ ಎನ್ನುತ್ತಾರೆ. ಅದು ಪ್ರತಿರೋಧವಲ್ಲ, ಕೇಳಿ ತಿಳಿದುಕೊಳ್ಳಬೇಕು. ಹೃದಯ ದುರ್ಬಲವಿದ್ದವರಿಗೆ, ಗರ್ಭಿಣಿಯರಿಗೆ, ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ ಕೊಡುವುದಿಲ್ಲ. ಶುರುವಿಗೆ ಮುಂಚೆ ಲಿವರ್ ಪರೀಕ್ಷೆ, ತಿಂಗಳು ದಾಟಿದರೆ ಮತ್ತೊಮ್ಮೆ.

ಟರ್ಬಿನಾಫಿನ್, ಇಟ್ರಾಕೊನಜೋಲ್ ಎರಡೂ ಮಾತ್ರೆಗಳನ್ನು ಒಟ್ಟಿಗೇ ಕೊಡುವವರಿದ್ದಾರೆ. ಮೊದಲ ಸಲಕ್ಕೇ ನಾನು ಆ ದಾರಿ ಹಿಡಿಯುವುದಿಲ್ಲ. ಎರಡರ ಭಾರವೂ ಲಿವರ್ ಮೇಲೆ.

ಮುಲಾಮನ್ನು ಕಲೆಯ ಅಂಚು ದಾಟಿ 2 ಸೆಂ.ಮೀ. ಆಚೆತನಕ ಹಚ್ಚಬೇಕು. ತೋರುಬೆರಳ ತುದಿಯ ಗೆಣ್ಣಿನುದ್ದದ ಮುಲಾಮು ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಗಲಕ್ಕೆ ಸಾಕು. ಕಲೆ ಹೋದ ಮೇಲೂ ಎರಡು ವಾರ ಬಿಡುವಂತಿಲ್ಲ.

ಅಂಗಡಿಯವರು ‘ಕಾಂಬಿನೇಷನ್’ ಎಂದು ಕೊಡುವ ಟ್ಯೂಬಿನ ಮಾತೇ ಬೇರೆ. ಅದರಲ್ಲಿ ಕ್ಲೊಬೆಟಾಸಾಲ್ ಸ್ಟೀರಾಯ್ಡ್ ಇರುತ್ತದೆ: ತುರಿಕೆ ಎರಡೇ ದಿನದಲ್ಲಿ ಇಳಿಯುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಉಂಗುರದ ಗುರುತೂ ಕೆಡುತ್ತದೆ. ನಿಲ್ಲಿಸಿದಾಗ ಒಂದು ವಾರ ಉರಿ, ಕೆಂಪು ಜಾಸ್ತಿಯಾಗಬಹುದು. ಮೊದಲೇ ಹೇಳಿರದಿದ್ದರೆ ಅವರು ವಾಪಸ್ ಅದೇ ಟ್ಯೂಬಿಗೆ ಹೋಗುತ್ತಾರೆ.

ಇನ್ನು ಉಡದಾರ. ಮಳೆಗಾಲವಿಡೀ ಒದ್ದೆಯಾಗಿ ಸೊಂಟಕ್ಕೆ ಅಂಟಿಕೊಂಡಿರುವ ಆ ದಾರವನ್ನು ಬಿಚ್ಚಿಸಿಯೇ ಔಷಧ ಶುರು ಮಾಡುತ್ತೇನೆ. ಒಳಉಡುಪಿನ ಹೊಲಿಗೆಗೆ ಬಿಸಿ ಇಸ್ತ್ರಿ, ಮನೆಯಲ್ಲಿ ತುರಿಕೆ ಇರುವ ಎಲ್ಲರಿಗೂ ಅದೇ ವಾರ ಚಿಕಿತ್ಸೆ.