ಜೇಡ್ ಕಲ್ಲಿನಲ್ಲಿ ಗುವಾನ್‌ಯಿನ್ ಮೂರ್ತಿ ಕಡೆಯುವ ಬಗೆ

ಗುವಾನ್‌ಯಿನ್ ಚೀನಾದ ಬೌದ್ಧರು ಪೂಜಿಸುವ ಕರುಣೆಯ ಬೋಧಿಸತ್ವ. ಆ ಮೂರ್ತಿಗೆ ಬಳಸುವ ನೆಫ್ರೈಟ್ ಎಂಬ ಬಗೆಯ ಜೇಡ್ ಉಳಿಗೆ ಬಗ್ಗುವ ಕಲ್ಲಲ್ಲ. ಬೇಲೂರು, ಹಳೇಬೀಡಿನ ಬಳಪದ ಕಲ್ಲನ್ನು ಉಳಿಯಿಂದ ಕೆತ್ತಬಹುದು. ಜೇಡ್‌ನ ಗಡಸುತನ, ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ, 6ರಿಂದ 6.5. ಸಾಲದ್ದಕ್ಕೆ ಒಳಗಿನ ಸೂಕ್ಷ್ಮ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹೊಡೆತಕ್ಕೆ ಸುಲಭವಾಗಿ ಸೀಳುವುದೂ ಇಲ್ಲ. ಸವೆಸುವುದೊಂದೇ ದಾರಿ. ಹಿಂದೆ ಚೀನಾದ ಕುಶಲಕರ್ಮಿಗಳು ಕಾಲಲ್ಲಿ ತುಳಿದು ತಿರುಗಿಸುವ ಚಕ್ರಕ್ಕೆ ಒದ್ದೆ ಗಡಸು ಮರಳು ಹಚ್ಚಿ ಸವೆಸುತ್ತಿದ್ದರು. ಈಗ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವ, ವಜ್ರದ ಪುಡಿ ಕೂರಿಸಿದ ಮೊನೆಗಳು, ಅಂದರೆ ಬಿಟ್‌ಗಳಿವೆ.

ಜೇಡ್ ಹೆಸರಿನಲ್ಲಿ ಸರ್ಪೆಂಟೈನ್ ಎಂಬ ಬೇರೆ ಹಸಿರು ಕಲ್ಲು ಕೂಡ ಮಾರಾಟವಾಗುತ್ತದೆ. ಅದನ್ನು ಗುರುತಿಸಲು ಹೀಗೆ ಮಾಡಿ. ಕಲ್ಲನ್ನು ಹಾಗೆಯೇ ತೂಗಿ, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ನೀರಿನಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಿದರೆ ನೆಫ್ರೈಟ್‌ಗೆ 3ರ ಆಸುಪಾಸು ಬರಬೇಕು, 2.6 ಬಂದರೆ ಅದು ಬೇರೆ ಕಲ್ಲು. ಬಿರುಕು ಹುಡುಕಲು ಕಲ್ಲನ್ನು ಒದ್ದೆ ಮಾಡಿ ಆರಲು ಬಿಡಿ. ಕೊನೆಗೆ ಆರುವ ಗೆರೆಯೇ ಬಿರುಕು.

ಅತಿ ಶುಭ್ರವಾದ ಭಾಗ ಮುಖಕ್ಕೆ ಮೀಸಲು. ಕಂದು ಸಿಪ್ಪೆಯಿದ್ದರೆ ಕಿತ್ತು ಹಾಕಬೇಡಿ, ಪದ್ಮಪೀಠಕ್ಕೋ ಮೇಲುವಸ್ತ್ರದ ಅಂಚಿಗೋ ಒದಗಿಸಿಕೊಳ್ಳಿ. ಗುವಾನ್‌ಯಿನ್ ಎಂದರೆ ಅವಲೋಕಿತೇಶ್ವರ. ಕಿರೀಟದಲ್ಲಿ ಪುಟ್ಟ ಅಮಿತಾಭ ಬುದ್ಧನನ್ನು ತೋರಿಸುವುದಾದರೆ ಅಲ್ಲಿ ಮೊದಲೇ ಒಂದು ಉಬ್ಬು ಉಳಿಸಬೇಕು, ಆಮೇಲೆ ಸೇರಿಸಲಾಗದು. ಕೈಯ ವಿಲೋ ರೆಂಬೆ ಭುಜಕ್ಕೆ ಅಂಟಿಕೊಂಡೇ ಇರಲಿ. ಬಿಡಿಸಿದರೆ ಹೊಳಪು ಕೊಡುವಾಗ ಮುರಿಯುತ್ತದೆ.

ಹೆಚ್ಚುವರಿ ಕಲ್ಲು ತೆಗೆಯಲು ತೆಳು ಗರಗಸದ ಬಿಲ್ಲೆಯಿಂದ 2 ಮಿ.ಮೀ. ಅಂತರದಲ್ಲಿ ಸಾಲುಗೀರು ಹಾಕಿ. ಮೂರ್ತಿಯ ಗಡಿಯ ಗುರುತಿಗೆ 1 ಮಿ.ಮೀ. ಮೊದಲೇ ನಿಲ್ಲಿಸಿ. ಗೀರುಗಳ ನಡುವೆ ಉಳಿದ ತೆಳು ಹಲಗೆಗಳನ್ನು ಮೀಟಿ ಮುರಿದು, ಉಳಿದದ್ದನ್ನು ಬಿಟ್‌ನಿಂದ ಸವೆಸಿ. ನೀರು ಸದಾ ತೊಟ್ಟಿಕ್ಕುತ್ತಿರಲಿ. ಒಣಗಿದರೆ ಕಲ್ಲು ಕಾದು ಬಿಳಿ ಮಚ್ಚೆ ಏಳುತ್ತದೆ, ಬಿಟ್‌ನ ವಜ್ರವೂ ಉದುರುತ್ತದೆ. ಅದಕ್ಕಿಂತ ಮುಖ್ಯ, ಧೂಳಿನಲ್ಲಿರುವ ಖನಿಜದ ನಾರುಗಳು ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ಕೆಲಸದಲ್ಲೂ ಮಾಸ್ಕ್ ತೆಗೆಯಬೇಡಿ. ಕೆಸರು ಒಣಗುವ ಮೊದಲೇ ಒರೆಸಿಬಿಡಿ.

ಮೂರ್ತಿ ಕೆಡುವುದು ಹೆಚ್ಚಾಗಿ ಮುಖದಲ್ಲಿ, ಅದೂ ಹೊಳಪಿನ ಹಂತದಲ್ಲಿ. 10 ಸೆಂ.ಮೀ. ಮೂರ್ತಿಯಲ್ಲಿ ಮೂಗಿನ ತುದಿ, ತುಟಿ, ರೆಪ್ಪೆಯ ಅಂಚನ್ನು ಸುಮಾರು ಅರ್ಧ ಮಿ.ಮೀ. ದಪ್ಪವಾಗಿಯೇ ಬಿಡಿ. ಒಂದಕ್ಕಿಂತ ಒಂದು ನುಣುಪಾದ 220, 400, 600, 1200, 3000 ನಂಬರಿನ ಉಜ್ಜುವ ಪುಡಿಗಳು ಸ್ವಲ್ಪ ಸ್ವಲ್ಪವಾಗಿ ಅದನ್ನು ತಿನ್ನುತ್ತವೆ. ಮೊದಲೇ ಚೂಪು ಮಾಡಿದ ರೆಪ್ಪೆ 1200ಕ್ಕೆ ಬರುವಷ್ಟರಲ್ಲಿ ಅಳಿಸಿಹೋಗಿ, ಕರುಣೆಯ ಅರೆನೋಟದ ಜಾಗದಲ್ಲಿ ಬರೀ ಉಬ್ಬಿದ ಗುಡ್ಡೆ ಉಳಿಯುತ್ತದೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ಗೀರು ಉಳಿದಿದ್ದರೆ ಆಗ ಕಣ್ಣಿಗೆ ಬೀಳುತ್ತದೆ. ಮುಖಕ್ಕೂ ವಸ್ತ್ರದ ನೆರಿಗೆಗಳಿಗೂ ಫೆಲ್ಟ್ (ಒತ್ತಿದ ಉಣ್ಣೆ) ಚಕ್ರ ಬೇಡ, ವಜ್ರದ ಪೇಸ್ಟ್ ಹಚ್ಚಿದ ಬಿದಿರಿನ ಕಡ್ಡಿ ಸಾಕು. ಕೊನೆಯ ಹೊಳಪು ಚರ್ಮದಿಂದ.

ಮೂರ್ತಿಯನ್ನು ತೊಳೆದು ಆರಿಸಿ, ಉಗುರುಬೆಚ್ಚಗೆ ಮಾಡಿ, ಕರಗಿದ ಪ್ಯಾರಾಫಿನ್ ಮೇಣವನ್ನು ತೆಳುವಾಗಿ ಸವರಿ. ತಣ್ಣಗಾಗುವ ಮೊದಲೇ ಹತ್ತಿಬಟ್ಟೆಯಿಂದ ಒರೆಸಿ. ಕಣ್ಣಂಚಿನಲ್ಲಿ ನಿಂತ ಮೇಣವನ್ನು ಬಿದಿರುಕಡ್ಡಿಯಿಂದಲೇ ತೆಗೆಯಿರಿ.