ಇನ್‌ಸ್ಟಾಲ್ ಆಯಿತು, ಬೂಟ್ ಆಗಲಿಲ್ಲ

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಬಸವನಗುಡಿಯ ಅತ್ತೆ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಆಗಿಬರುವುದಿಲ್ಲ. ಅದಕ್ಕೇ ವಿಂಡೋಸ್ ಬದಲಿಗೆ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ 22 ಹಾಕಿದೆ. ಇನ್‌ಸ್ಟಾಲ್ ತಕರಾರಿಲ್ಲದೆ ಮುಗಿಯಿತು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ, ಬೂಟ್ ಆಗುವ ಡಿಸ್ಕ್ ಇಲ್ಲ ಅಂತ ಒಂದೇ ಸಾಲು.

"ಇನ್ನೊಂದ್ಸಲ ಹಾಕಿಬಿಡೋ, ಸರಿಹೋಗುತ್ತೆ" ಅಂದರು ಅತ್ತೆ. ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಅದೇ ರೀತಿ ಮತ್ತೆ ಹಾಕಿದರೆ ಅದೇ ಜಾಗದಲ್ಲೇ ನಿಲ್ಲುತ್ತದೆ, ಅಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಬೇಕು. ಡಿಸ್ಕ್‌ನಿಂದ ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಹೆಸರು ಗ್ರಬ್. ಪರದೆಯಲ್ಲಿ ಗ್ರಬ್ ರೆಸ್ಕ್ಯೂ ಅಂತ ಬಂದರೆ ಗ್ರಬ್‌ನ ಮೊದಲ ಭಾಗ ಓಡಿದೆ, ಉಳಿದ ಫೈಲುಗಳು ಅದಕ್ಕೆ ಸಿಕ್ಕಿಲ್ಲ. ಮೆನು ಬಂದ ಮೇಲೆ ಪರದೆ ಕಪ್ಪಾದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಬಹುದು. ಆಗ ಮೆನುವಿನಲ್ಲಿ 'ಇ' ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ನೋಡಿ. ನಮ್ಮಲ್ಲಿ ಗ್ರಬ್‌ನ ಸುಳಿವೇ ಇರಲಿಲ್ಲ. ಅಂದರೆ ಬಯಾಸ್, ಆನ್ ಮಾಡಿದ ಕೂಡಲೇ ಓಡುವ ಮದರ್‌ಬೋರ್ಡ್ ಒಳಗಿನ ಪ್ರೋಗ್ರಾಂ, ಡಿಸ್ಕನ್ನೇ ಒಪ್ಪಿರಲಿಲ್ಲ.

ಪೆನ್‌ಡ್ರೈವ್‌ನಿಂದಲೇ ಮಿಂಟ್ ಶುರು ಮಾಡಿ ಟರ್ಮಿನಲ್ ತೆರೆದೆ. 'ಸಿಸ್' ಒಳಗಿನ 'ಫರ್ಮ್‌ವೇರ್' ಫೋಲ್ಡರ್‌ನಲ್ಲಿ 'ಇಎಫ್ಐ' ಇದ್ದರೆ ಯಂತ್ರ ಬಯಾಸ್‌ನ ಜಾಗಕ್ಕೆ ಬಂದ ಹೊಸ ಯುಇಎಫ್ಐ ಮೋಡ್‌ನಲ್ಲಿ ಎದ್ದಿದೆ. ಇಲ್ಲಿ ಇರಲಿಲ್ಲ, ಇದು ಹಳೇ ಬಯಾಸ್. ಡಿಸ್ಕ್‌ನ ಪಾರ್ಟಿಷನ್, ಅಂದರೆ ಭಾಗಗಳನ್ನು, ನೋಡುವ ಬದಲಿಸುವ 'ಪಾರ್ಟೆಡ್' ಕಮಾಂಡನ್ನು ಕೇಳಿದರೆ ಡಿಸ್ಕ್ ಮಾತ್ರ ಹೊಸ ಕಾಲದ ಪಾರ್ಟಿಷನ್ ಪಟ್ಟಿಯಾದ ಜಿಪಿಟಿ ಅಂದಿತು. ಬಯಾಸ್ ಗ್ರಬ್‌ಗೆ ಬೇಕಾದ ಪುಟ್ಟ ಪಾರ್ಟಿಷನ್ ಕೂಡ ಇತ್ತು. ಹಾಗಾದರೆ ಲೆಕ್ಕದ ಪ್ರಕಾರ ಬೂಟ್ ಆಗಲೇಬೇಕು.

ತೊಡಕು ಇರುವುದು ಡಿಸ್ಕ್‌ನ ಮೊಟ್ಟಮೊದಲ ತುಣುಕಿನಲ್ಲಿ, ಅಂದರೆ ಮೊದಲ ಸೆಕ್ಟರ್‌ನಲ್ಲಿ. ಜಿಪಿಟಿ ಡಿಸ್ಕ್‌ನಲ್ಲೂ ಅಲ್ಲೊಂದು ಎಂಬಿಆರ್ (ಹಳೇ ಕಾಲದ ಪಾರ್ಟಿಷನ್ ಪಟ್ಟಿ) ಇರುತ್ತದೆ, ಹಳೇ ಸಾಫ್ಟ್‌ವೇರ್ ಇದನ್ನು ಖಾಲಿ ಡಿಸ್ಕ್ ಅಂದುಕೊಳ್ಳದಿರಲಿ ಅಂತ. ಯುಇಎಫ್ಐ ನಿಯಮದಂತೆ ಅದರ ಬೂಟ್ ಗುರುತು, ಅಂದರೆ ಇಲ್ಲಿಂದ ಬೂಟ್ ಮಾಡಬಹುದು ಅನ್ನುವ ಚಿಹ್ನೆ, ಸೊನ್ನೆ ಇರಬೇಕು. ಆದರೆ ಕೆಲವು ಹಳೇ ಬಯಾಸ್‌ಗಳು ಆ ಗುರುತು ಕಾಣದಿದ್ದರೆ ಗ್ರಬ್‌ಗೆ ಅವಕಾಶವನ್ನೇ ಕೊಡುವುದಿಲ್ಲ. ಎರಡು ಕಾಲದ ನಿಯಮ ಒಂದೇ ಡಿಸ್ಕ್‌ನಲ್ಲಿ ಡಿಕ್ಕಿ ಹೊಡೆದಿತ್ತು. ನನಗೆ ಈ ಕೆಲಸದಲ್ಲಿ ಜಾಸ್ತಿ ಖುಷಿ ಕೊಡುವುದು ಇಂಥ ಕಾರಣ ಸಿಕ್ಕಾಗಲೇ.

ಸೂಡೋ ಜೊತೆ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಪಾರ್ಟೆಡ್‌ನಲ್ಲಿ ಆ ಡಿಸ್ಕ್ ತೆರೆದು 'ಡಿಸ್ಕ್_ಸೆಟ್ ಪಿಎಂಬಿಆರ್_ಬೂಟ್ ಆನ್' ಕೊಟ್ಟು ಆ ಬೂಟ್ ಗುರುತು ಹಾಕಿದೆ. ಫೈಲುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಡಿಸ್ಕ್ ಹೆಸರು ಸರಿಯಾಗಿ ನೋಡಿಕೊಳ್ಳಿ, ಪೆನ್‌ಡ್ರೈವೂ ಅದೇ ಪಟ್ಟಿಯಲ್ಲಿರುತ್ತದೆ. ರೀಸ್ಟಾರ್ಟ್ ಮಾಡಿದೆ. ಮಿಂಟ್ ಲೋಗೋ ಬಂತು.

ಮಾರನೇ ದಿನ ಅತ್ತೆಯ ಫೋನ್, ಮತ್ತೆ ಆನ್ ಆಗುತ್ತಿಲ್ಲ ಅಂತ. ಈ ಸಲ ಬೇರೆ ಕಾಯಿಲೆ. ಬಯಾಸ್‌ನಲ್ಲಿ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿತ್ತು. ಬೂಟ್ ಪಟ್ಟಿಯಲ್ಲಿ ನೆಟ್‌ವರ್ಕ್ ಮೊದಲಿಗೆ ಬಂದು ಅಲ್ಲೇ ಸಿಕ್ಕಿಕೊಂಡಿತ್ತು. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿದ್ದರು, ಮದರ್‌ಬೋರ್ಡ್‌ನ ಸೆಲ್ ಸತ್ತಿತ್ತು. ಕರೆಂಟ್ ಇಲ್ಲದಾಗ ಬಯಾಸ್‌ನ ತಾರೀಕು, ಸೆಟ್ಟಿಂಗ್ ಉಳಿಸುವುದು ಅದೇ. ಎಸ್‌.ಪಿ. ರೋಡ್‌ನಿಂದ 3 ವೋಲ್ಟ್‌ನ ಸಿಆರ್2032 ಸೆಲ್ ತಂದು ಹಾಕಿ, ಹಾರ್ಡ್‌ಡಿಸ್ಕ್ ಮೊದಲಿಗೆ ಇಟ್ಟು, ಗಡಿಯಾರ ಸರಿಮಾಡಿದೆ. ತಾರೀಕು ತಪ್ಪಿದ್ದರೆ ಬ್ರೌಸರ್ ಕೂಡ ಬ್ಯಾಂಕಿನ ಸೈಟ್ ತೆರೆಯಲು ಬಿಡುವುದಿಲ್ಲ. ಆಮೇಲೆ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಆನ್ ಮಾಡಿದೆ. ಗಡಿಯಾರ ಸರಿಯಾಗಿಯೇ ಇತ್ತು.