ಹಳ್ಳಿಕಾರ್ ಎತ್ತನ್ನು ತೈಲವರ್ಣದಲ್ಲಿ ಚಿತ್ರಿಸುವ ಬಗೆ

ಹಳ್ಳಿಕಾರ್ ಎತ್ತನ್ನು ಇದ್ದ ಹಾಗೆಯೇ ಚಿತ್ರಿಸಬೇಕೆನ್ನುವವರು, ಫೋಟೊ ಎದುರಿಗಿಟ್ಟುಕೊಂಡು ಕೂರುವ ಮೊದಲು, ಕೆಲವು ದಿನಗಳನ್ನಾದರೂ ಕೊಟ್ಟಿಗೆಯಲ್ಲೋ ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲೋ ಪೆನ್ಸಿಲ್ ಹಿಡಿದು ಕಳೆಯಬೇಕು. ಹತ್ತಿರದಿಂದ ತೆಗೆದ ಫೋಟೊದಲ್ಲಿ ಮುಖ ಹಿಗ್ಗಿ ಹಿಂಭಾಗ ಕುಗ್ಗಿರುತ್ತದೆ. ಆ ಅಳತೆಯನ್ನೇ ನಂಬಿದರೆ ಮೈಕಟ್ಟು ಕೆಡುತ್ತದೆ. ಫ್ರಾನ್ಸಿನ ಚಿತ್ರಕಲಾವಿದೆ ರೋಸಾ ಬೊನೂರ್ ಪ್ರಾಣಿಗಳ ಅಂಗರಚನೆಯನ್ನು ಅರಿಯಲು ಕಸಾಯಿಖಾನೆಗಳಿಗೂ ಹೋಗಿ ಅಭ್ಯಾಸ ಮಾಡಿದವರು. ನಿವೆರ್ನೆ ಸೀಮೆಯ ಉಳುಮೆಯನ್ನು ತೋರಿಸುವ ಅವರ 1849ರ ಚಿತ್ರದಲ್ಲಿ ಎತ್ತುಗಳ ಭಾರ ಮಣ್ಣಿಗೆ ಇಳಿದಿರುವುದು ಕಣ್ಣಿಗೆ ತಟ್ಟುತ್ತದೆ.

ಮೆಲುಕು ಹಾಕುತ್ತ ಮಲಗಿದ ಎತ್ತು ಬಹಳ ಹೊತ್ತು ಕದಲದು; ಅಭ್ಯಾಸಕ್ಕೆ ಅದೇ ಒಳ್ಳೆಯ ಸಮಯ.

ಹೆಚ್ಚಿನ ತಪ್ಪು ಆಗುವುದು ಹಿಂಗಾಲಿನಲ್ಲಿ. ಹಿಂದಕ್ಕೆ ಬಾಗಿದ ಮಂಡಿಯಂತೆ ಕಾಣುವ ಗಂಟು ನಿಜಕ್ಕೂ ಹಿಮ್ಮಡಿ. ಮಂಡಿ ಇರುವುದು ಮೇಲೆ, ಹೊಟ್ಟೆಯ ಅಂಚಿನ ಬಳಿ. ನನ್ನ ಮೊದಲ ಚಿತ್ರವನ್ನು ನೋಡಿದ ರೈತರೊಬ್ಬರು ‘ಇದು ಎದ್ದು ನಿಲ್ಲೋ ಎತ್ತಲ್ಲ’ ಎಂದಾಗಲೇ ನನಗೆ ಇದು ಅರ್ಥವಾದದ್ದು. ಉದ್ದನೆಯ ಕಿರಿದಾದ ಮುಖ, ನಡುವೆ ಸಣ್ಣ ತಗ್ಗಿರುವ ಉಬ್ಬಿದ ಹಣೆ, ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಸಾಗಿ ಮತ್ತೆ ಮುಂದಕ್ಕೆ ಬಾಗುವ ಕೊಂಬು, ಚಿಕ್ಕ ಗಂಗೆದೊಗಲು, ಇವು ಈ ತಳಿಯ ಗುರುತುಗಳು. ಕಿವಿ ಕೊಂಬಿನ ಬುಡಕ್ಕಿಂತ ಕೆಳಗಿರಲಿ.

ಬಣ್ಣದ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ: ಬರೀ ಕಪ್ಪು ಬಿಳಿ ಬೆರೆಸಿದ ಬೂದು ಸತ್ತ ಬೂದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಎಂಬ ಕಡುಗಂದು ಬಣ್ಣ ಸೇರಿಸಿ, ಆಮೇಲೆ ಬಿಳಿಯನ್ನು ಬೆರೆಸಿದರೆ, ಅದೇ ಬೂದನ್ನು ಬೇಕಾದ ಕಡೆ ತಂಪಾಗಿಯೂ ಬೆಚ್ಚಗೂ ತಿರುಗಿಸಬಹುದು. ಬೆನ್ನು, ಹಿಣಿಲುಗಳ ಮೇಲ್ಭಾಗ ಆಕಾಶದ ನೀಲಿಯನ್ನು ಹಿಡಿಯುತ್ತದೆ. ಹೊಟ್ಟೆಯ ಅಡಿಯ ನೆರಳಿಗೆ ಕೆಮ್ಮಣ್ಣಿನ ಬೆಳಕು ತಾಗಿ ಬರುವುದರಿಂದ ಅಲ್ಲಿ ಒಂದಿಷ್ಟು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೇಕು. ಭುಜ ಮತ್ತು ತೊಡೆಗಳ ಬಣ್ಣ ನಡುಮೈಗಿಂತ ಗಾಢವಾಗಿರುತ್ತದೆ.

ಮೊದಲ ಪದರವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಹಚ್ಚಿ, ಅಗಸೆ ಎಣ್ಣೆಯನ್ನು ಮೇಲಿನ ಪದರಗಳಲ್ಲಿ ಮಾತ್ರ ಹೆಚ್ಚಿಸುತ್ತ ಹೋಗಬೇಕು. ಇದು ತಿರುವುಮುರುವಾದರೆ ಬಣ್ಣ ಬಿರುಕು ಬಿಡುತ್ತದೆ. ಕೂದಲನ್ನು ಒಂದೊಂದಾಗಿ ಬಿಡಿಸುವ ಆಸೆ ಬೇಡ. ಒದ್ದೆ ಮೂಗಿನ ಹೊಳಪನ್ನೂ ಕೊಂಬಿನ ತುದಿಯ ಹಿತ್ತಾಳೆ ಕೊಡಣಸನ್ನೂ ಕೊನೆಗೆ ಇಡಿ. ಹೆಗಲಿನಲ್ಲಿ ನೊಗ ಉಜ್ಜಿ ಕೂದಲು ಸವೆದು ತೊಗಲು ದಪ್ಪಗಾದ ಜಾಗ ಇರುತ್ತದೆ. ಅಲ್ಲಿ ಮಾತ್ರ ಒಣಕುಂಚದಿಂದ, ಕೂದಲ ದಿಕ್ಕನ್ನು ಬಿಟ್ಟು, ಅಡ್ಡಡ್ಡಲಾಗಿ ಎಳೆಯಿರಿ.